ರಾಜೌರಿಗೆ ದಾರಿ ಮಾಡಿಕೊಟ್ಟ ರಾಣೆ

ಪರಮವೀರ ಚಕ್ರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಬಂದೂಕು ಹಿಡಿದು ಮುನ್ನುಗ್ಗುವ ಯೋಧ. ಆದರೆ ಕರ್ನಾಟಕದ ಒಬ್ಬರಿಗೆ ಆ ಪದಕ ಬಂದದ್ದು ರಸ್ತೆ ಕೆಲಸಕ್ಕೆ! ಎಂಜಿನಿಯರಿಂಗ್ ಓದುತ್ತಿರುವ ನಾವಂತೂ ಅವರ ಹೆಸರು ತಿಳಿದಿರಬೇಕು: ರಾಮ ರಾಘೋಬ ರಾಣೆ.

ರಾಣೆಯವರ ಕುಟುಂಬದ ಊರು ಕಾರವಾರದ ಹತ್ತಿರದ ಚೆಂಡಿಯಾ. ತಂದೆ ಪೊಲೀಸ್ ಕಾನ್‌ಸ್ಟೇಬಲ್. 1940ರಲ್ಲಿ ರಾಣೆ ಬಾಂಬೆ ಎಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಜಪಾನೀಯರ ವಿರುದ್ಧ ದುಡಿದು ಹವಾಲ್ದಾರರಾದರು. ಬೇರೆ ದೇಶಗಳ ಸೈನ್ಯದಲ್ಲಿ ಸಾರ್ಜೆಂಟ್ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ದರ್ಜೆ. ಮುಂದೆ ಸೆಕೆಂಡ್ ಲೆಫ್ಟಿನೆಂಟ್ ಆದರು.

ಸೈನ್ಯದಲ್ಲಿ ಎಂಜಿನಿಯರ್‌ಗಳನ್ನು ಸ್ಯಾಪರ್ ಅಂತಾರೆ. ಸೇತುವೆ ಕಟ್ಟೋದು, ರಸ್ತೆ ಮಾಡೋದು, ಶತ್ರು ಹೂತಿಟ್ಟ ಮೈನ್ ತೆಗೆಯೋದು ಇವರ ಕೆಲಸ. ಗುಂಡು ಬಂದಾಗ ಕಾಲಾಳು ಮರೆಗೆ ಸರಿಯಬಹುದು, ತಿರುಗಿ ಹೊಡೆಯಬಹುದು. ಮೈನ್ ತೆಗೆಯುವವನ ಎರಡೂ ಕೈ ಮಣ್ಣಿನಲ್ಲಿರುತ್ತವೆ. ಅವಸರ ಮಾಡಿದರೆ ಕೆಳಗಿನ ಬಾಂಬ್, ನಿಧಾನ ಮಾಡಿದರೆ ಮೇಲಿನ ಗುಂಡು.

1948ರ ಏಪ್ರಿಲ್‌ನಲ್ಲಿ ಕಾಶ್ಮೀರದಲ್ಲಿ ಆಗಿದ್ದೂ ಇದೇ. ರಾಜೌರಿ ಪಟ್ಟಣ ಹಿಂದಿನ ನವೆಂಬರ್‌ನಿಂದ ದಾಳಿಕೋರರ ಕೈಯಲ್ಲಿತ್ತು. ನೌಶೇರಾದಿಂದ ಅಲ್ಲಿಗೆ ಟ್ಯಾಂಕ್‌ಗಳು ಹೋಗಬೇಕು. ಇರೋದು ಒಂದೇ ಬೆಟ್ಟದ ರಸ್ತೆ. ಅದರಲ್ಲಿ ಮೈನ್‌ಗಳು, ಅಡ್ಡ ಕೆಡವಿದ ಪೈನ್ ಮರಗಳು, ಒಡೆದ ಮೋರಿಗಳು.

ಏಪ್ರಿಲ್ 8ರ ಬೆಳಿಗ್ಗೆ 11ಕ್ಕೆ, ಕೆಲಸ ಶುರುವಾಗುವ ಮೊದಲೇ ಮಾರ್ಟರ್ ದಾಳಿ. ರಾಣೆಯವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಉಳಿದವರನ್ನು ಕೂಡಿಸಿಕೊಂಡು ಅವರು ರಾತ್ರಿ 10ರವರೆಗೆ ಕೆಲಸ ಮಾಡಿದರು.

9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಟ್ಯಾಂಕ್‌ಗಳಿಗೆ ಬಳಸುದಾರಿ ಸಿದ್ಧ. ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡ ಮರಗಳು, ಸಿಡಿಸಿದರು. 300 ಗಜ ಮುಂದೆ ಮತ್ತೆ ಮರಗಳು. ಆಮೇಲೆ ಒಡೆದ ಮೋರಿ. ಸಂಜೆ ಹೊತ್ತಿಗೆ ಐದು ದೊಡ್ಡ ಪೈನ್ ಮರಗಳು, ಸುತ್ತ ಮೈನ್, ಮೇಲಿಂದ ಮೆಷಿನ್ ಗನ್. ನಮ್ಮ ಹಂದನಕೆರೆ ಕಡೆ ಮಳೆಗಾಳಿಗೆ ರಸ್ತೆಗೆ ತೆಂಗಿನಮರ ಬಿದ್ದರೆ ಕೊಡಲಿ, ಹಗ್ಗ ಹಿಡಿದು ಊರೇ ಬರುತ್ತೆ. ಆದರೂ ಬಸ್ಸು ಕಾಯಬೇಕಾಗುತ್ತೆ. ಇಲ್ಲಿ ಮರ ಮುಟ್ಟೋಕೆ ಮೊದಲು ಮೈನ್ ತೆಗೀಬೇಕು, ಅದೂ ಗುಂಡಿನ ಮಳೆಯಲ್ಲಿ. ಕತ್ತಲಾಗುತ್ತಿತ್ತು, ಪಡೆ ಅಲ್ಲೇ ತಂಗಿತು.

10ರ ಬೆಳಗಿನ ಜಾವ 4:45ಕ್ಕೆ ರಾಣೆ ಅದೇ ಮರಗಳ ಹತ್ತಿರ ಹಾಜರು. 6:30ಕ್ಕೆ ದಾರಿ ಬಿಟ್ಟಿತು. ಮುಂದಿನ 1000 ಗಜದ ಅಡೆತಡೆ 10:30ಕ್ಕೆ ಮುಗಿಯಿತು. ಮಧ್ಯಾಹ್ನ 2ಕ್ಕೆ ಟ್ಯಾಂಕ್‌ಗಳು ನದಿಪಾತ್ರ ಹಿಡಿದು ಚಿಂಗಸ್ ತಲುಪಿದವು. ಅಲ್ಲಿಗೆ ಕೆಲಸ ಆಯ್ತು ಅನ್ನಬಹುದಿತ್ತು. ಆದರೆ ಹಿಂದೆ ಸಾಮಾನು ಸರಂಜಾಮಿನ ಲಾರಿಗಳಿಗೂ ರಸ್ತೆ ಬೇಕಲ್ಲ? ಊಟ, ವಿಶ್ರಾಂತಿ ಇಲ್ಲದೆ ರಾತ್ರಿ 9ರವರೆಗೆ ದುಡಿದರು. 11ರಂದು ಚಿಂಗಸ್‌ವರೆಗೆ ರಸ್ತೆ ತೆರೆಯಿತು. 12ರಂದು ರಾಜೌರಿ ನಮ್ಮ ಸೈನ್ಯದ ಕೈಗೆ ಬಂತು.

1947–48ರ ಆ ಯುದ್ಧಕ್ಕೆ ಐದು ಪರಮವೀರ ಚಕ್ರಗಳು ಸಂದವು. ಅವುಗಳಲ್ಲಿ ಮೂರು ಮರಣೋತ್ತರ. ಬದುಕಿದ್ದು ಪಡೆದವರು ಇಬ್ಬರೇ, ಕರಮ್ ಸಿಂಗ್ ಮತ್ತು ರಾಣೆ. ರಾಣೆ 1994ರಲ್ಲಿ ತೀರಿಕೊಂಡರು. 2023ರಲ್ಲಿ ಅಂಡಮಾನ್‌ನ ಒಂದು ದ್ವೀಪಕ್ಕೆ ಅವರ ಹೆಸರಿಟ್ಟರು.

ನಾಲ್ಕು ದಿನದ ಈ ವೀರಗಾಥೆಯಲ್ಲಿ ರಾಣೆ ಎಷ್ಟು ಶತ್ರುಗಳನ್ನು ಕೊಂದರು ಅನ್ನೋ ಲೆಕ್ಕವೇ ಇಲ್ಲ. ಇರೋದೆಲ್ಲ ಗಂಟೆ, ಗಜ, ಮರ, ಮೋರಿ. ಗಾಯ ಆದ ಮಾರನೇ ದಿನ, ಅದರ ಮಾರನೇ ದಿನ, ಬೆಳಿಗ್ಗೆ ಎದ್ದು ಅದೇ ಕೆಲಸಕ್ಕೆ ಹೋದದ್ದೇ ಅವರ ಶೌರ್ಯ. ಕಾರವಾರಕ್ಕೆ ಟ್ರಿಪ್ ಹೋದರೆ ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಅವರ ಪ್ರತಿಮೆ ಇದೆ. ನೌಕೆ ಮುಂದೆ ಸೆಲ್ಫಿ ತೆಗೆದುಕೊಳ್ಳೋಣ, ಹಾಗೇ ಎರಡು ನಿಮಿಷ ಅವರ ಮುಂದೆಯೂ ನಿಲ್ಲೋಣ.