ಪ್ರಾಸದಲ್ಲಿ ಉಳಿದ ಪ್ರಮಾದ

ಯುದ್ಧಗೀತೆ ಎಂದರೆ ಸಾಮಾನ್ಯವಾಗಿ ಗೆಲುವಿನ ಹಾಡು. ಆದರೆ ಇಂಗ್ಲಿಷಿನ ಸುಪ್ರಸಿದ್ಧ ಯುದ್ಧಗೀತೆಗಳಲ್ಲೊಂದಾದ ಟೆನಿಸನ್‌ನ ‘ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್’ ಹುಟ್ಟಿದ್ದು ಒಂದು ಪ್ರಮಾದದಿಂದ.

ರಷ್ಯದ ವಿರುದ್ಧ ಬ್ರಿಟನ್, ಫ್ರಾನ್ಸ್ ಮತ್ತು ತುರ್ಕಿ ಹೋರಾಡಿದ ಕ್ರಿಮಿಯ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು ಬಾಲಕ್ಲಾವಾ ಬಳಿ ಈ ಘಟನೆ ನಡೆಯಿತು. ಗುಡ್ಡದ ಮೇಲಿದ್ದ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್, ಶತ್ರುಗಳು ಫಿರಂಗಿಗಳನ್ನು ಸಾಗಿಸದಂತೆ ತಡೆಯಲು ಹೇಳಿ ಕಳಿಸಿದ. ಯಾವ ಫಿರಂಗಿಗಳೆಂಬುದು ಆದೇಶದಲ್ಲಿ ಸ್ಪಷ್ಟವಾಗಿರಲಿಲ್ಲ. ಸುಮಾರು 670 ಸವಾರರು ಮೂರು ಕಡೆಯೂ ಫಿರಂಗಿಗಳಿದ್ದ ಕಣಿವೆಗೆ ನುಗ್ಗಿದರು. ಸುಮಾರು 110 ಮಂದಿ ಸತ್ತರು.

ಆಸ್ಥಾನಕವಿಯಾಗಿದ್ದ ಟೆನಿಸನ್ ಇದನ್ನು ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಓದಿದ. ಘೋರ ಪ್ರಮಾದ ಎಂಬರ್ಥದ ಒಂದು ಮಾತು ಅವನ ಕಿವಿಯಲ್ಲಿ ನಿಂತಿತು. ಪದ್ಯದ ಲಯಕ್ಕೆ ಅದೇ ಮೂಲವಾಯಿತು. ಡಿಸೆಂಬರ್ 9ರಂದು ಪದ್ಯ ‘ಎಕ್ಸಾಮಿನರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಒತ್ತಿ ಹೇಳುವ ಒಂದು ಅಕ್ಷರ, ಅದರ ಹಿಂದೆ ಹಗುರಾದ ಎರಡು: ಇದೇ ‘ಡ್ಯಾಕ್ಟಿಲ್’ ಎಂಬ ಗಣ. ನಮ್ಮ ಭಗಣದ ಗುರು-ಲಘು-ಲಘುವನ್ನು ಇದು ನೆನಪಿಸುತ್ತದೆ. ಆದರೆ ಕನ್ನಡ ಛಂದಸ್ಸು ಉಚ್ಚಾರದ ಕಾಲವನ್ನು ಅಳೆದರೆ, ಇಂಗ್ಲಿಷ್ ಛಂದಸ್ಸು ಒತ್ತನ್ನು ಎಣಿಸುತ್ತದೆ. ಸಾಲಿಗೆ ಎರಡೇ ಗಣ. ಓದುವವನಿಗೆ ಉಸಿರಾಡಲು ಬಿಡುವಿಲ್ಲ. ಕುದುರೆಯ ನಾಗಾಲೋಟ ಕಿವಿಗೆ ಬೀಳುತ್ತದೆ. ಸವಾರರು ಏಳುನೂರರ ಹತ್ತಿರವಿದ್ದರೆಂದು ತಿಳಿದ ಮೇಲೂ ಕವಿ ‘ಆರುನೂರು’ ಎಂಬುದನ್ನು ಬದಲಿಸಲಿಲ್ಲ. ಏಳು ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚು, ಲಯ ಕೆಡುತ್ತದೆ!

ಪುನರಾವರ್ತನೆಯದು ಇನ್ನೊಂದು ಬಗೆ. ಆರು ಪದ್ಯಭಾಗಗಳೂ ಅದೇ ಆರುನೂರರಲ್ಲಿ ಮುಗಿಯುತ್ತವೆ. ಮೊದಲು ಅದು ಹೊರಟವರ ಎಣಿಕೆ. ಸವಾರರು ಮರಳುವಾಗ ಅದರ ಮುಂದೆ ‘ಅಲ್ಲ’ ಎಂಬ ಪುಟ್ಟ ಮಾತು ಸೇರುತ್ತದೆ. ಎಷ್ಟು ಮಂದಿ ಸತ್ತರೆಂದು ಕವಿ ಹೇಳುವುದೇ ಇಲ್ಲ. ಓದುಗನೇ ಲೆಕ್ಕ ಹಾಕಬೇಕು. ಹೋಗುವಾಗ ಎಡ, ಬಲ ಮತ್ತು ಮುಂದೆ ಇದ್ದ ಫಿರಂಗಿಗಳು, ಬರುವಾಗ ಎಡ, ಬಲ ಮತ್ತು ಹಿಂದೆ. ಒಂದೇ ಮಾತಿನ ಬದಲಾವಣೆಯಿಂದ ಇಡೀ ಸೇನೆ ತಿರುಗಿತು.

ಹಳಗನ್ನಡ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದ್ದರೆ, ಇಲ್ಲಿ ಸಾಲಿನ ಕೊನೆಯಲ್ಲಿದೆ. ನೂರು ಎಂಬರ್ಥದ ‘ಹಂಡ್ರೆಡ್’ಗೆ ಟೆನಿಸನ್ ಜೋಡಿಸಿದ ಮಾತುಗಳಲ್ಲಿ ‘ಬ್ಲಂಡರ್ಡ್’ ಒಂದು. ತಪ್ಪು ಮಾಡಿದರು ಎಂದು ಅದರರ್ಥ. ಪೂರ್ಣ ಪ್ರಾಸವಲ್ಲ, ಆದರೂ ಕಿವಿ ಒಪ್ಪುತ್ತದೆ. 1855ರಲ್ಲಿ ‘ಮಾಡ್’ ಸಂಕಲನಕ್ಕೆ ಪದ್ಯವನ್ನು ತಿದ್ದುವಾಗ ಟೆನಿಸನ್ ಈ ಮಾತನ್ನು ತೆಗೆದುಹಾಕಿದ. ಅದೇ ವರ್ಷ ಕ್ರಿಮಿಯದ ಸೈನಿಕರಿಗೆಂದು ಪದ್ಯವನ್ನು ಬೇರೆಯಾಗಿ ಅಚ್ಚು ಹಾಕಿಸಿದಾಗ ಮರಳಿ ಸೇರಿಸಿದ.

ಆ ಮಾತಿಲ್ಲದಿದ್ದರೆ ಉಳಿಯುವುದು ಶೌರ್ಯದ ಹೊಗಳಿಕೆ ಮಾತ್ರ. ಅದು ಇರುವುದರಿಂದ, ಸವಾರರ ಎಣಿಕೆ ಬಂದಾಗಲೆಲ್ಲ ಅವರನ್ನು ಕಳಿಸಿದವರ ತಪ್ಪೂ ಕಿವಿಯಲ್ಲಿ ಮೊಳಗುತ್ತದೆ.