ಕೊರೆವ ಮಳೆಯಲ್ಲಿ ಕಾಡುಹಾದಿಯ ಸೈಕಲ್

ಸ್ಕಾಟ್ಲೆಂಡಿನ ಉತ್ತರಕ್ಕೆ, ಇನ್ವರ್ನೆಸ್ ದಾಟಿ ಮುಂದೆ ಹೋದರೆ ಕಾಂಟಿನ್ ಎಂಬ ಪುಟ್ಟ ಊರು ಸಿಗುತ್ತದೆ. ಅದರ ಪಕ್ಕದ ಕಾಡಿನಲ್ಲಿ ನಡೆಯುತ್ತ ಬಂದಿರುವ ‘ಸ್ಟ್ರಾತ್‌ಪಫರ್’ ಎಂಬ ಮೌಂಟೇನ್ ಬೈಕ್ ಪಂದ್ಯ 24 ಗಂಟೆಗಳದು. ಅದಕ್ಕೆ ಆರಿಸಿಕೊಂಡ ತಿಂಗಳು ಜನವರಿ. ಅಷ್ಟು ಉತ್ತರದಲ್ಲಿ ಆ ಹೊತ್ತಿಗೆ ಕತ್ತಲೆಯೇ ಸುಮಾರು 17 ಗಂಟೆ. ಕೆಲವರು ಒಂಟಿಯಾಗಿ, ಕೆಲವರು ಜೋಡಿಯಾಗಿ, ಉಳಿದವರು ನಾಲ್ವರ ತಂಡ ಕಟ್ಟಿಕೊಂಡು ಒಂದೇ ಕಾಡುಸುತ್ತನ್ನು ಹಗಲೂ ರಾತ್ರಿ ಸುತ್ತುತ್ತಾರೆ. ಒಂದು ವರ್ಷ ಕೆಸರು, ಇನ್ನೊಂದು ವರ್ಷ ಹಿಮ, ಮತ್ತೊಂದು ವರ್ಷ ಹಾದಿಯುದ್ದಕ್ಕೂ ನುಣ್ಣನೆಯ ಮಂಜುಗಡ್ಡೆ. ಗಡ್ಡೆ ಕಟ್ಟಿದ ವರ್ಷ, ಟಯರಿಗೆ ಲೋಹದ ಮೊಳೆ ಕೂಡಿಸಿಕೊಂಡು ಬಂದವರ ಮುಂದೆ ಉಳಿದವರ ಆಟ ನಡೆಯುವುದಿಲ್ಲ.

ಇದೆಲ್ಲ ಹುಚ್ಚು ಎಂದು ತಳ್ಳಿಹಾಕಬಹುದು. ಆದರೆ ಅಲ್ಲಿಯ ಸವಾರರ ಕಷ್ಟ ಬೇರೆ. ನೆಲ ಒಣಗಲಿ ಎಂದು ಕಾಯುತ್ತ ಕೂತರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಸೈಕಲ್ಲು ಗೋಡೆಗೆ ಒರಗಿಯೇ ಇರಬೇಕಾಗುತ್ತದೆ. ಹಾಗಾಗಿ ಅವರು ಮಳೆಯೊಳಗೇ ಇಳಿದರು. ಇಳಿದ ಮೇಲೆ ಕಂಡುಕೊಂಡದ್ದು ಇಷ್ಟು: ಚಳಿಗಾಲದ ಸವಾರಿ ಎಂದರೆ ನೀರಿನೊಡನೆ ವ್ಯವಹಾರ. ಹಾದಿಯ ಮೇಲಿನ ನೀರು, ಟಯರಿನ ಕೆಳಗಿನ ನೀರು, ಮೈಗಂಟಿದ ಬಟ್ಟೆಯೊಳಗಿನ ನೀರು. ಈ ಮೂರನ್ನೂ ಸಂಭಾಳಿಸಿದವನಿಗೆ ಡಿಸೆಂಬರಿನ ಕಾಡು ಬೇಸಿಗೆಯದಕ್ಕಿಂತ ಹೆಚ್ಚು ಕೊಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಬೇಸಿಗೆಯಲ್ಲಿ ಯಾರು ಬೇಕಾದರೂ ವೇಗವಾಗಿ ಇಳಿಯಬಲ್ಲರು. ನೆನೆದ ಬೇರಿನ ಮೇಲೆ ಹಗುರಾಗಿ ದಾಟುವುದನ್ನು ಚಳಿಗಾಲವೇ ಕಲಿಸಬೇಕು.

ಮೊದಲು ಹಾದಿಯ ಮಾತು. 2001ರಲ್ಲಿ ಬ್ರಿಟನ್ನಿನ ಜಾನುವಾರುಗಳಿಗೆ ಕಾಲುಬಾಯಿ ಜ್ವರ ಹರಡಿತು. ರೋಗ ಹಬ್ಬೀತೆಂದು ಹೊಲ, ಗುಡ್ಡ, ಕಾಲುದಾರಿಗಳನ್ನೆಲ್ಲ ಮುಚ್ಚಿದರು. ದಕ್ಷಿಣ ಸ್ಕಾಟ್ಲೆಂಡಿನಲ್ಲಿ ದನಕುರಿ ಸಾಕುವವರ ಜೊತೆಗೆ ಪ್ರವಾಸಿಗರನ್ನು ನಂಬಿಕೊಂಡಿದ್ದ ಊರುಗಳೂ ನೆಲಕಚ್ಚಿದವು. ಅವನ್ನು ಮೇಲೆತ್ತುವ ಯತ್ನಗಳಲ್ಲಿ ಒಂದಾಗಿ ‘ಸೆವೆನ್‌ಸ್ಟೇನ್ಸ್’ ಎಂಬ ಯೋಜನೆ ರೂಪುಗೊಂಡಿತು. ಗ್ಲೆಂಟ್ರೆಸ್, ಇನ್ನರ್‌ಲೀಥನ್, ಮೇಬಿ, ಡಾಲ್ಬೀಟಿ, ಕಿರಕ್‌ಟ್ರೀ ಮುಂತಾದ ಸರ್ಕಾರಿ ಕಾಡುಗಳಲ್ಲಿ ಸೈಕಲ್ಲಿಗೆಂದೇ ಹಾದಿಗಳನ್ನು ಕಡಿದರು. ಅದಕ್ಕೊಂದು ಮಾದರಿ ಆಗಲೇ ಇತ್ತು: ವೇಲ್ಸ್‌ನ ಕೊಯ್ಡ್ ಎ ಬ್ರೆನಿನ್ ಕಾಡಿನಲ್ಲಿ ದಾವಿದ್ ಡೇವಿಸ್ 1990ರ ದಶಕದಲ್ಲೇ ಕಲ್ಲು ಹಾಸಿದ ಹಾದಿಗಳನ್ನು ಮಾಡಿ ತೋರಿಸಿದ್ದರು. ವರ್ಷವಿಡೀ ಜನ ಬರಬೇಕು ಎಂಬುದೇ ಗುರಿಯಾದ್ದರಿಂದ ಸ್ಕಾಟ್ಲೆಂಡಿನಲ್ಲಿಯೂ ಜಲ್ಲಿ ಸುರಿದು, ಕುಟ್ಟಿ, ಮಳೆಗೆ ಕರಗದ ಮೈ ಕೊಟ್ಟರು. ಹೋಟೆಲು, ಸೈಕಲ್ ಅಂಗಡಿ, ಚಹಾದಂಗಡಿಗಳು ಫೆಬ್ರುವರಿಯಲ್ಲೂ ತೆರೆದಿರುವಂತಾದದ್ದು ಈ ಜಲ್ಲಿಯಿಂದ.

ಬರೀ ಕಲ್ಲು ಹಾಸಿದರೆ ಸಾಲದು. ನಿಂತ ನೀರು ನೆಲವನ್ನು ಮೆತ್ತಗಾಗಿಸುತ್ತದೆ, ಹರಿಯುವ ನೀರು ನೆಲವನ್ನೇ ಹೊತ್ತೊಯ್ಯುತ್ತದೆ. ಆದ್ದರಿಂದ ಒಳ್ಳೆಯ ಹಾದಿ ಗುಡ್ಡದ ನೆತ್ತಿಯಿಂದ ನೇರ ಕೆಳಕ್ಕೆ ಬೀಳುವುದಿಲ್ಲ; ಪಕ್ಕೆಯನ್ನು ಬಳಸಿಕೊಂಡು ಇಳಿಯುತ್ತದೆ. ಹಾದಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು ಎಂಬುದು ಹಾದಿ ಕಡಿಯುವವರ ಕಟ್ಟಳೆ. ಮೀರಿದರೆ ನೀರು ಹಾದಿಯನ್ನು ಅಡ್ಡ ದಾಟದೆ ಅದರ ಮೇಲೇ ಓಡತೊಡಗುತ್ತದೆ. ಕಣಿವೆಯ ಕಡೆಯ ಅಂಚನ್ನು ತುಸು ತಗ್ಗಿಸುತ್ತಾರೆ. ಇಳಿಯುತ್ತಿರುವ ಹಾದಿಯನ್ನು ಅಲ್ಲಲ್ಲಿ ನಾಲ್ಕು ಮಾರು ಮೇಲಕ್ಕೆ ಏರಿಸಿ ಮತ್ತೆ ಇಳಿಸುತ್ತಾರೆ. ಆ ತಗ್ಗಿಗೆ ಬಂದ ನೀರು ಮುಂದಕ್ಕೆ ಹೋಗಲಾರದೆ ಪಕ್ಕಕ್ಕೆ ಹೊರಳುತ್ತದೆ. ಸವಾರ ಖುಷಿಯಿಂದ ಹಾರಿಕೊಂಡು ಹೋಗುವ ಎಷ್ಟೋ ಏರಿಳಿತಗಳು ಅಸಲಿಗೆ ನೀರಿಗೆ ಬಿಟ್ಟ ದಾರಿಗಳು. ಮಲೆನಾಡಿನ ತೋಟಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಅಡಿಕೆ ತೋಟದಲ್ಲಿ ಬಸಿಗಾಲುವೆ ಕಟ್ಟಿಕೊಂಡರೆ ಏನಾಗುತ್ತದೋ, ಇಲ್ಲಿಯೂ ಅದೇ ಆಗುತ್ತದೆ. ಎಲೆ ಉದುರುವ ಕಾಲದಲ್ಲಿ ತರಗು ತುಂಬಿ ಚರಂಡಿ ಮುಚ್ಚಿದರೆ, ವರ್ಷಾನುಗಟ್ಟಲೆ ಬಾಳಬೇಕಾದ ಹಾದಿ ಒಂದೇ ಚಳಿಗಾಲದಲ್ಲಿ ಕೊರಕಲಾಗುತ್ತದೆ. ಗುದ್ದಲಿ ಹಿಡಿದು ಅದನ್ನು ಬಿಡಿಸುವವರಲ್ಲಿ ಬಹಳ ಮಂದಿ ಸಂಬಳವಿಲ್ಲದ ಸ್ವಯಂಸೇವಕರು. ಈ ಆಟದಲ್ಲಿ ಯಾರಿಗಾದರೂ ಹಾರ ಹಾಕುವುದಾದರೆ ಮೊದಲು ಅವರಿಗೆ ಹಾಕಬೇಕು.

ಕಲ್ಲುಹಾದಿಯ ಆಚೆಗೆ ಇನ್ನೊಂದು ಲೋಕವಿದೆ. ಟ್ವೀಡ್ ನದಿಯ ಕಣಿವೆಯಲ್ಲಿ, ಇನ್ನರ್‌ಲೀಥನ್ ಊರಿನ ಮೇಲಿನ ಗುಡ್ಡವನ್ನು ಸವಾರರು ‘ಗಾಲ್ಫಿ’ ಎನ್ನುತ್ತಾರೆ; ಕೆಳಗೆ ಗಾಲ್ಫ್ ಮೈದಾನವಿದೆ. ಅಲ್ಲಿಯ ಕಡಿದಾದ ಹಾದಿಗಳು ಕೈಯಲ್ಲೇ ಕಡಿದವು. ಜಲ್ಲಿಯಿಲ್ಲ, ಬರೀ ಮಣ್ಣು ಮತ್ತು ಬೇರು. ಆ ಬೇರುಗಳಲ್ಲಿ ಬಹಳಷ್ಟು ಸಿಟ್ಕಾ ಸ್ಪ್ರೂಸ್ ಮರದವು. ಮೊದಲ ಮಹಾಯುದ್ಧದಲ್ಲಿ ಮರಮಟ್ಟಿಗೆ ಪರದಾಡಿದ ಬ್ರಿಟನ್ 1919ರಲ್ಲಿ ಫಾರೆಸ್ಟ್ರಿ ಕಮಿಷನ್ ಸ್ಥಾಪಿಸಿತು. ಬೇಗ ಬೆಳೆಯುತ್ತದೆಂದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಈ ಮರವನ್ನು ಗುಡ್ಡಗುಡ್ಡಗಳಲ್ಲಿ ನೆಟ್ಟರು. ಜೌಗುನೆಲದಲ್ಲಿ ಸಿಟ್ಕಾದ ಬೇರು ಆಳಕ್ಕಿಳಿಯುವುದಿಲ್ಲ. ಮೇಲೆಮೇಲೆಯೇ ಜಾಲದ ಹಾಗೆ ಹರಡುತ್ತದೆ. ಸವಾರಿಯ ಚಕ್ರ ಮೇಲ್ಮಣ್ಣನ್ನು ಸವೆಸಿದಂತೆ ಈ ಜಾಲ ಬಯಲಿಗೆ ಬಂದು, ಸಿಪ್ಪೆ ಸುಲಿದು, ಮಳೆಗೆ ನುಣುಪಾಗಿ ಹೊಳೆಯುತ್ತದೆ. ಚಳಿಗಾಲದಲ್ಲಿ ಕಾಲರ್‌ಬೋನ್ ಮುರಿಸುವುದರಲ್ಲಿ ಕೆಸರಿಗಿಂತ ಇದರ ಪಾತ್ರ ದೊಡ್ಡದು ಎಂದು ನನಗನ್ನಿಸುತ್ತದೆ. ಕೆಸರಿಗೆ ಬಿದ್ದರೆ ಬಟ್ಟೆ ಕೊಳೆಯಾಗುತ್ತದೆ, ಅಷ್ಟೆ.

ಬೇರು ಮೇಲಿದ್ದರೆ ಮರಕ್ಕೂ ಅಪಾಯ. 2021ರ ನವೆಂಬರ್ 26ರಂದು ಬಂದ ಆರ್ವೆನ್ ಬಿರುಗಾಳಿ ಎಂದಿನ ಪಶ್ಚಿಮದ ಕಡೆಯಿಂದ ಬೀಸಲಿಲ್ಲ, ಈಶಾನ್ಯದಿಂದ ಬೀಸಿತು. ಪಡುವಣ ಗಾಳಿಗೆ ಒಗ್ಗಿಕೊಂಡು ಬೇರೂರಿದ್ದ ಮರಗಳು ಲಕ್ಷಗಟ್ಟಲೆ ಉರುಳಿದವು. ಟ್ವೀಡ್ ಕಣಿವೆಯ ಹಲವು ಹಾದಿಗಳು ಮರದ ರಾಶಿಯಡಿ ಹೂತುಹೋಗಿ ಬಹುಕಾಲ ಮುಚ್ಚಿದ್ದವು.

ನೆನೆದ ಬೇರನ್ನು ದಾಟುವ ಬಗೆ ಹೇಳುವುದಕ್ಕೆ ಸರಳ, ಮೈಗೂಡಲು ತಡ. ಬ್ರೇಕನ್ನೆಲ್ಲ ಬೇರಿಗೆ ಮೊದಲೇ ಹಿಡಿದು ಮುಗಿಸಬೇಕು. ಬೇರಿನ ಮೇಲೆ ಇರುವಾಗ ಬ್ರೇಕೂ ಇಲ್ಲ, ತಿರುವೂ ಇಲ್ಲ. ಚಕ್ರ ಬೇರನ್ನು ಆದಷ್ಟು ಅಡ್ಡವಾಗಿ, ಲಂಬಕೋನದಲ್ಲಿ ದಾಟಬೇಕು. ಓರೆಯಾಗಿ ಹೋದರೆ ಚಕ್ರ ಬೇರಿನುದ್ದಕ್ಕೇ ಜಾರಿಕೊಂಡು ಹೋಗುತ್ತದೆ. ಜಾರಿತೆಂದು ಗಾಬರಿಯಾಗಿ ಹ್ಯಾಂಡಲ್ ಬಿಗಿಹಿಡಿದವನೇ ಬೀಳುವುದು. ಮೊಣಕೈ, ಮೊಣಕಾಲು ಸಡಿಲ ಬಿಟ್ಟು, ಸೈಕಲ್ಲು ಒಂದು ಗೇಣು ಆಚೀಚೆ ಸರಿಯಲು ಬಿಟ್ಟರೆ ಅದು ತಾನಾಗಿಯೇ ಹಿಡಿತ ಕಂಡುಕೊಳ್ಳುತ್ತದೆ. ಬಂಡೆಯ ಸ್ವಭಾವ ಬೇರೆ. ಕಿರಕ್‌ಟ್ರೀಯ ‘ಮ್ಯಾಕ್‌ಮೋಆಬ್’, ಡಾಲ್ಬೀಟಿಯ ‘ಸ್ಲ್ಯಾಬ್’ ಹೆಸರಾಂತ ಗ್ರಾನೈಟ್ ಹಾಸುಗಳು. ಗ್ರಾನೈಟಿನ ಮೈ ಒರಟಾದ್ದರಿಂದ, ಪಾಚಿ ಕಟ್ಟದಿದ್ದರೆ ಮಳೆಯಲ್ಲೂ ಟಯರನ್ನು ಅಚ್ಚರಿಯಾಗುವಷ್ಟು ಹಿಡಿಯುತ್ತದೆ.

ಎರಡನೆಯದು ಟಯರಿನ ಮಾತು. ಗಾಳಿ ತುಂಬಿದ ಟಯರಿಗೆ 1845ರಲ್ಲಿ ಮೊದಲು ಪೇಟೆಂಟ್ ಪಡೆದ ರಾಬರ್ಟ್ ಥಾಮ್ಸನ್, 1888ರಲ್ಲಿ ಅದನ್ನು ಸೈಕಲ್ಲಿಗೆ ತಂದ ಜಾನ್ ಡನ್ಲಪ್ ಇಬ್ಬರೂ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಅವರ ನಾಡಿನ ಚಳಿಗಾಲದ ಸವಾರನ ಮೊದಲ ಚಿಂತೆಯೂ ಟಯರೇ. ಕೆಸರಿಗೆಂದು ಮಾಡಿದ ಟಯರಿನಲ್ಲಿ ಗುಬಟುಗಳು ಎತ್ತರ, ನಡುವಿನ ಜಾಗ ಅಗಲ. ಉರುಳುವಾಗ ಕೆಸರನ್ನು ತಾನೇ ಕೊಡವಿಕೊಳ್ಳುತ್ತದೆ. ಚಳಿಗೆ ರಬ್ಬರು ಗಡಸಾಗುವುದರಿಂದ ಮೆದುವಾದ ರಬ್ಬರಿನದನ್ನೇ ಆರಿಸುತ್ತಾರೆ. ಗಾಳಿಯ ಒತ್ತಡವನ್ನೂ ಒಂದೆರಡು ಪಿಎಸ್‌ಐ ಇಳಿಸುತ್ತಾರೆ. ಇನ್ನು ಬ್ರೇಕು. ಮರಳು ಬೆರೆತ ಕೆಸರುನೀರು ಸಾಣೆ ಹಿಡಿದಂತೆ ಪ್ಯಾಡನ್ನು ತಿನ್ನುತ್ತದೆ. ರಾಳ ಬೆರೆಸಿ ಮಾಡಿದ ಪ್ಯಾಡು ಕೆಟ್ಟ ಹವೆಯ ಒಂದೇ ದಿನದಲ್ಲಿ ಮುಗಿದುಹೋದರೂ ಹೋದೀತು. ಲೋಹದ ಪುಡಿಯನ್ನು ಬೆಸೆದು ಮಾಡಿದ್ದು ತಾಳಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಸೈಕಲ್ ತೊಳೆಯುವುದಕ್ಕೆ ಸಾಧಾರಣ ಪೈಪಿನ ನೀರು ಸಾಕು. ಕಾರು ತೊಳೆಯುವ ಒತ್ತಡದ ನೀರನ್ನು ಬೇರಿಂಗುಗಳಿಗೆ ನೇರ ಹಿಡಿದರೆ ಒಳಗಿನ ಗ್ರೀಸು ಹೋಗಿ ಕೆಸರುನೀರು ಸೇರುತ್ತದೆ. ಚೈನನ್ನು ಒರೆಸಿ ಎಣ್ಣೆ ಬಿಟ್ಟೇ ಊಟಕ್ಕೆ ಕೂರಬೇಕು, ಬೆಳಗಾದರೆ ತುಕ್ಕು.

ಈಗ ಮೈಯ ಮಾತು. ಇದೇ ಎಲ್ಲಕ್ಕಿಂತ ಮುಖ್ಯ. ಮೈನಸ್ ಐದು ಡಿಗ್ರಿಯ ಒಣಚಳಿಗಿಂತ ಎರಡು ಮೂರು ಡಿಗ್ರಿಯ ಮಳೆ ಹೆಚ್ಚು ಅಪಾಯಕಾರಿ ಎಂದರೆ ನಮ್ಮವರು ನಂಬಲಿಕ್ಕಿಲ್ಲ. ಹಿಮ ಬಟ್ಟೆಯಿಂದ ಉದುರಿಹೋಗುತ್ತದೆ. ಮಳೆ ಬಟ್ಟೆಯೊಳಗೆ ಕೂರುತ್ತದೆ. ನೀರು ಮೈಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸೆಳೆಯುತ್ತದೆ. ಏರು ಹತ್ತುವಾಗ ಬೆವತು ಬನಿಯನ್ ಒಳಗಿನಿಂದಲೇ ನೆನೆದಿರುತ್ತದೆ, ಇಳಿಯುವಾಗ ಅದಕ್ಕೆ ಗಾಳಿ ಹೊಡೆಯುತ್ತದೆ. ಆದ್ದರಿಂದ ಹತ್ತಿ ಬಟ್ಟೆ ಪೂರಾ ಬೇಡ. ಉಣ್ಣೆ ತನ್ನ ತೂಕದ ಮೂರನೇ ಒಂದರಷ್ಟು ತೇವ ಹೀರಿಯೂ ಬೆಚ್ಚಗಿಡುತ್ತದೆ. ಟ್ವೀಡ್ ಕಣಿವೆಯ ಹಲವು ಊರುಗಳು ಒಂದು ಕಾಲಕ್ಕೆ ಉಣ್ಣೆ ಗಿರಣಿಗಳಿಂದ ಬದುಕಿದವು. ಇನ್ನರ್‌ಲೀಥನ್‌ನಲ್ಲಿ 18ನೇ ಶತಮಾನದ ಕೊನೆಯಲ್ಲಿ ಶುರುವಾದ ಕೇರ್ಲಿ ಗಿರಣಿ 2013ರಲ್ಲಿ ಮುಚ್ಚಿತು. ಇಂದು ಅದೇ ಬೀದಿಗಳಲ್ಲಿ ಕೆಸರು ಮೆತ್ತಿದ ಸೈಕಲ್ಲುಗಳ ಓಡಾಟ.

ನಿಜವಾದ ಅಪಾಯ ಪೆಡಲ್ ತುಳಿಯುವಾಗ ಇಲ್ಲ, ನಿಂತಾಗ ಇದೆ. ಗುಡ್ಡದ ಮೇಲೆ ಟಯರು ಪಂಕ್ಚರ್ ಆಯಿತೆನ್ನಿ. ಬೆರಳು ಮರಗಟ್ಟಿದೆ, ಟಯರು ರಿಮ್ಮಿನಿಂದ ಕಳಚದು, ಹತ್ತು ನಿಮಿಷದಲ್ಲಿ ನಡುಕ ಶುರು. ಮೈಯೊಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ಮಾತು ತೊದಲುವುದು, ನಡಿಗೆ ತಪ್ಪುವುದು, ಕೇಳಿದ್ದಕ್ಕೆ ಅಸಂಬದ್ಧ ಉತ್ತರ ಕೊಡುವುದು ಅದರ ಗುರುತುಗಳು. ನಡುಗುತ್ತಿದ್ದವನು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಸುಧಾರಿಸಿದನೆಂದು ತಿಳಿಯಬಾರದು. ಕೈಮೀರುತ್ತಿದೆ ಎಂದೇ ತಿಳಿಯಬೇಕು. ಬಲ್ಲ ಸವಾರರು ಒಣ ಕೈಗವಸು ಒಂದು ಜೊತೆ, ದಪ್ಪ ಜಾಕೆಟ್ಟು, ನಾಲ್ವರು ಒತ್ತಾಗಿ ಕೂತು ತಲೆಯ ಮೇಲೆ ಎಳೆದುಕೊಳ್ಳುವ ತೆಳ್ಳನೆಯ ಡೇರೆ ಇಷ್ಟನ್ನು ಬಿಟ್ಟು ಹೊರಡುವುದಿಲ್ಲ. ಡೇರೆಯೊಳಗೆ ಬರೀ ಉಸಿರಿನಿಂದಲೇ ಕೆಲವು ನಿಮಿಷಗಳಲ್ಲಿ ಬೆಚ್ಚಗಾಗುತ್ತದೆ. ದೀಪದ ಬ್ಯಾಟರಿ ಚಳಿಗೆ ಬೇಗ ಸೋಲುವುದರಿಂದ ಬದಲಿ ಬ್ಯಾಟರಿಯನ್ನು ಒಳಜೇಬಿನಲ್ಲಿಡುತ್ತಾರೆ. ಮಂಜು ಮುಸುಕಿದಾಗ ಹೆಲ್ಮೆಟ್ಟಿನ ದೀಪ ಕಣ್ಣೆದುರೇ ಬಿಳಿ ಗೋಡೆ ಎಬ್ಬಿಸುತ್ತದೆ. ಆಗ ಹ್ಯಾಂಡಲ್ಲಿನ ದೀಪವೇ ಗತಿ. ಬಿದ್ದು ಗಾಯವಾದರೆ ಹುಡುಕಿಕೊಂಡು ಬರುವ ಟ್ವೀಡ್ ವ್ಯಾಲಿ ಪರ್ವತ ರಕ್ಷಣಾ ತಂಡದವರೂ ಸ್ವಯಂಸೇವಕರೇ, ಮನೆಯ ಬೆಚ್ಚನೆ ಬಿಟ್ಟು ಎದ್ದು ಬರುವವರು.

ಸ್ಕಾಟ್ಲೆಂಡಿನ 2003ರ ಭೂಸುಧಾರಣಾ ಕಾಯ್ದೆ ಬಹುಪಾಲು ಗುಡ್ಡಗಾಡಿನಲ್ಲಿ ಸೈಕಲ್ ಓಡಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಇಷ್ಟು ಧಾರಾಳವಿಲ್ಲ. ಆದರೆ ಹಕ್ಕನ್ನು ಜವಾಬ್ದಾರಿಯಿಂದ ಬಳಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ, ಮತ್ತು ಚಳಿಗಾಲದಲ್ಲಿ ಆ ಮಾತಿಗೆ ತೂಕ ಹೆಚ್ಚು. ನೆಲ ಹೆಪ್ಪುಗಟ್ಟಿದ ಬೆಳಿಗ್ಗೆ ಸವಾರಿಗೆ ಹೇಳಿಮಾಡಿಸಿದ ಹೊತ್ತು, ಚಕ್ರದ ಗುರುತೂ ಉಳಿಯುವುದಿಲ್ಲ. ಹೆಪ್ಪು ಕರಗುವ ಮಧ್ಯಾಹ್ನವೇ ಕೇಡಿನದು. ಕೆಳಗಿನ ನೆಲ ಇನ್ನೂ ಕಲ್ಲಾಗಿರುವುದರಿಂದ ಕರಗಿದ ನೀರು ಇಂಗದು, ಮೇಲಿನ ಎರಡು ಬೆರಳು ಮಣ್ಣು ಅಂಬಲಿಯಾಗುತ್ತದೆ. ಆಗ ಹತ್ತು ಮಂದಿ ಹಾದುಹೋದರೆ ಹಾದಿಯ ಕತೆ ಮುಗಿಯಿತು. ಕೊಚ್ಚೆಗುಂಡಿ ಕಂಡಾಗ ಅಂಚಿನ ಹುಲ್ಲಿನ ಮೇಲೆ ಸುತ್ತಿಹೋಗುವವರಿಂದ ಒಂದು ಮೊಳದ ಹಾದಿ ಎರಡು ಮಾರಾಗುತ್ತದೆ. ಗುಂಡಿಯ ನಡುವೆಯೇ ಹೋಗುವುದು ಸರಿ. ಜಲ್ಲಿಹಾದಿಯಲ್ಲಿ ಸೊಗಸಿಲ್ಲ, ಮಣ್ಣಿನದೇ ಅಸಲಿ ಸವಾರಿ ಎನ್ನುವವರ ಮಾತು ಬೇಸಿಗೆಗೆ ಸರಿ. ವಾರಗಟ್ಟಲೆ ಮಳೆ ಸುರಿದ ಮೇಲೆಯೂ ಹಾಗೆನ್ನುವವರನ್ನು ನಾನು ಒಪ್ಪಲಾರೆ.

ಎಡಿನ್‌ಬರೊ, ಗ್ಲಾಸ್ಗೊಗಳಲ್ಲಿ ಓದುವ, ದುಡಿಯುವ ಕನ್ನಡಿಗರಿಗೆ ಒಂದು ಮಾತು. ಚಳಿಗಾಲವೆಂದು ಕೋಣೆಯಲ್ಲೇ ಉಳಿಯಬೇಡಿ. ಎಡಿನ್‌ಬರೊದಿಂದ ಗ್ಲೆಂಟ್ರೆಸ್‌ಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮೊದಲ ಸಲ ಹಸಿರು ಇಲ್ಲವೇ ನೀಲಿ ಗುರುತಿನ ಹಾದಿಯನ್ನೇ ಹಿಡಿಯಿರಿ. ಕೆಂಪು, ಕಪ್ಪು ಗುರುತಿನವು ಪಳಗಿದವರಿಗೆ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಯಾರಿಗಾದರೂ ಹೇಳಿ ಹೋಗಿ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ. ಮೂರರ ಒಳಗೆ ಕಾಡಿನಿಂದ ಇಳಿದುಬಿಡಿ.