ಮೌನವೂ ಮಾತಾದಾಗ: ತುಟಿ ಬಿಚ್ಚದ ತರಬೇತುದಾರನನ್ನು ಬೇಸ್‌ಬಾಲ್ ಅಂಪೈರ್ ಹೊರಗಟ್ಟಬಹುದೇ?

'ಮೌನಂ ಸಮ್ಮತಿ ಲಕ್ಷಣಂ' ಎಂಬುದು ನಮ್ಮಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಮಾತು. ಆದರೆ ಬೇಸ್‌ಬಾಲ್ ಮೈದಾನದ ಮಟ್ಟಿಗೆ ಈ ಮಾತು ಸಲ್ಲುವುದಿಲ್ಲ. ಅಂಪೈರ್ ತೀರ್ಪು ನೀಡಿದ ಮರುಕ್ಷಣವೇ ಡಗೌಟ್‌ನ ಕಂಬಿಗೆ ಒರಗಿ ನಿಂತಿದ್ದ ತರಬೇತುದಾರ ತುಟಿ ಪಿಟಿಕ್ಕೆನ್ನದೆ ತಲೆಯಾಡಿಸುತ್ತಾನೆ. ಎರಡೂ ಅಂಗೈಗಳನ್ನು ಮುಗಿಲಿಗೆ ಚಾಚುತ್ತಾನೆ. ಸೊಂಟದ ಮೇಲೆ ಕೈಯಿಟ್ಟು ಅಂಪೈರನ್ನೇ ದಿಟ್ಟಿಸುತ್ತ ನಿಲ್ಲುತ್ತಾನೆ. ಒಂದು ಶಬ್ದವೂ ಹೊರಬಿದ್ದಿರುವುದಿಲ್ಲ. ಆದರೂ ಗ್ಯಾಲರಿಯ ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಆತನ ಅಭಿಪ್ರಾಯ ತಲುಪಿಬಿಟ್ಟಿರುತ್ತದೆ.

ಬಾಯಿ ಬಿಡದ ವ್ಯಕ್ತಿಯನ್ನು ಆಟದಿಂದ ಉಚ್ಚಾಟಿಸುವುದು ನ್ಯಾಯವೇ? ನ್ಯಾಯವಾದರೆ ಯಾವ ಹಂತದಲ್ಲಿ? ಅಮೆರಿಕದ ಶಾಲಾ ಮೈದಾನಗಳಿಂದ ಹಿಡಿದು ವೃತ್ತಿಪರ ಲೀಗ್‌ಗಳವರೆಗೆ ಅಂಪೈರ್‌ಗಳನ್ನು ಕಾಡುವ ಪ್ರಶ್ನೆಯಿದು. ಕ್ರಿಕೆಟ್ಟನ್ನೇ ಉಸಿರಾಡುವ ನಮ್ಮ ಓದುಗರಿಗೂ ಇದು ತೀರಾ ಅಪರಿಚಿತವಾದುದೇನಲ್ಲ.

<b>ಪ್ರತಿ ಎಸೆತಕ್ಕೂ ಒಂದು ತೀರ್ಪು</b>

ಮೊದಲಿಗೆ ಆಟದ ಹಿನ್ನೆಲೆಯನ್ನು ತಿಳಿಯುವುದು ಅಗತ್ಯ. ಕ್ರಿಕೆಟ್‌ನಲ್ಲಿ ಆಟಗಾರರು ಮನವಿ ಮಾಡಿದಾಗ ಅಂಪೈರ್ ಔಟೋ ಅಲ್ಲವೋ ಎಂದು ಹೇಳಿದರೆ ಸಾಕು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಕ್ಯಾಚರ್‌ನ ಬೆನ್ನ ಹಿಂದೆ ಬಾಗಿ ನಿಂತ ಅಂಪೈರ್, ಬ್ಯಾಟ್ಸ್‌ಮನ್ ಹೊಡೆಯದೆ ಬಿಟ್ಟ ಪ್ರತಿಯೊಂದು ಎಸೆತದ ಬಗ್ಗೆಯೂ ತೀರ್ಪು ನೀಡಬೇಕು. 17 ಅಂಗುಲ ಅಗಲದ ಹೋಮ್ ಪ್ಲೇಟಿನ ಮೇಲೆ, ಬ್ಯಾಟ್ಸ್‌ಮನ್‌ನ ಮೊಣಕಾಲು ಮತ್ತು ಎದೆಯ ನಡುವಿನ ಕಲ್ಪಿತ ಚೌಕಟ್ಟಿನಲ್ಲಿ ಚೆಂಡು ಹಾದುಹೋದರೆ 'ಸ್ಟ್ರೈಕ್', ಇಲ್ಲವಾದರೆ 'ಬಾಲ್'. ಮೂರು ಸ್ಟ್ರೈಕ್ ಆದರೆ ಬ್ಯಾಟ್ಸ್‌ಮನ್ ಔಟ್. ನಾಲ್ಕು ಬಾಲ್ ಆದರೆ ಆತನಿಗೆ ಮೊದಲ ಬೇಸ್ ಪುಕ್ಕಟೆ. ವೃತ್ತಿಪರ ಪಂದ್ಯವೊಂದರಲ್ಲಿ ಎರಡೂ ತಂಡಗಳು ಸೇರಿ ಸುಮಾರು 300 ಎಸೆತಗಳನ್ನು ಎಸೆಯುತ್ತವೆ. ಅವುಗಳಲ್ಲಿ ಅರ್ಧದಷ್ಟು ಎಸೆತಗಳಿಗೆ ಅಂಪೈರ್ ಕಣ್ಣಳತೆಯಲ್ಲೇ ತೀರ್ಪು ಹೇಳಬೇಕಾಗುತ್ತದೆ.

ಇಷ್ಟು ತೀರ್ಪುಗಳಲ್ಲಿ ಕೆಲವು ತಪ್ಪುವುದು ಸಹಜ. ಆದರೆ ಪ್ರತಿಯೊಂದಕ್ಕೂ ವಾದ ಆರಂಭವಾದರೆ ಆಟ ಮುಂದೆ ಸಾಗುವುದೇ ಇಲ್ಲ. ಆದ್ದರಿಂದಲೇ ನಿಯಮ ಈ ವಿಷಯದಲ್ಲಿ ಕಟುವಾಗಿದೆ.

<b>ನಿಯಮ ಏನು ಹೇಳುತ್ತದೆ?</b>

ಮೇಜರ್ ಲೀಗ್ ಬೇಸ್‌ಬಾಲ್‌ನ ಅಧಿಕೃತ ನಿಯಮಾವಳಿಯ 8.02(ಎ) ಪ್ರಕಾರ ಅಂಪೈರ್‌ನ ವಿವೇಚನೆಗೆ ಸೇರಿದ ತೀರ್ಪುಗಳು ಅಂತಿಮ. ಆಟಗಾರರಾಗಲಿ, ತರಬೇತುದಾರರಾಗಲಿ, ತಂಡದ ಮುಖ್ಯಸ್ಥನಾದ ಮ್ಯಾನೇಜರ್ ಆಗಲಿ ಅವುಗಳನ್ನು ಆಕ್ಷೇಪಿಸುವಂತಿಲ್ಲ. ಬಾಲ್ ಮತ್ತು ಸ್ಟ್ರೈಕ್ ಬಗ್ಗೆ ವಾದಿಸಲೆಂದು ಹೋಮ್ ಪ್ಲೇಟಿನತ್ತ ಹೊರಟವರಿಗೆ ಮೊದಲು ಎಚ್ಚರಿಕೆ, ಮುಂದುವರಿದರೆ ಉಚ್ಚಾಟನೆ. ಆಕ್ಷೇಪಣೆ ಅಥವಾ ಕ್ರೀಡಾ ಮನೋಭಾವಕ್ಕೆ ಧಕ್ಕೆ ತರುವ ವರ್ತನೆಗಾಗಿ ಯಾರನ್ನೇ ಆದರೂ ಹೊರಹಾಕುವ ಅಧಿಕಾರವನ್ನು ನಿಯಮ 8.01(ಡಿ) ಪ್ರತಿಯೊಬ್ಬ ಅಂಪೈರ್‌ಗೂ ನೀಡಿದೆ.

ಗಮನಿಸಬೇಕಾದ ಅಂಶವೆಂದರೆ, 'ಆಕ್ಷೇಪಣೆ' ಎಂಬ ಪದ ಮಾತಿಗೆ ಮಾತ್ರ ಸೀಮಿತವಾಗಿಲ್ಲ. ಅಂಪೈರ್‌ಗಳ ಮಾರ್ಗದರ್ಶಿ ಸೂತ್ರಗಳು ಬೈಗುಳ ಮತ್ತು ಮೈಮುಟ್ಟುವಿಕೆಯ ಜೊತೆಗೆ ಮಾತಿಲ್ಲದ ಕೃತ್ಯಗಳನ್ನೂ ಉಚ್ಚಾಟನೆಗೆ ಅರ್ಹವೆಂದು ಹೆಸರಿಸುತ್ತವೆ. ಡಗೌಟ್‌ನಿಂದ ಹೊರಬಂದು ಅಂಪೈರ್‌ನತ್ತ ಕೈಬೀಸುವುದು, ಡಗೌಟ್‌ನಿಂದ ವಸ್ತುಗಳನ್ನು ಮೈದಾನಕ್ಕೆ ಎಸೆಯುವುದು, ಚೆಂಡು ಎಲ್ಲಿ ಹೋಯಿತೆಂದು ತೋರಿಸಲು ಮಣ್ಣಿನಲ್ಲಿ ಗೆರೆ ಎಳೆಯುವುದು ಇವುಗಳಲ್ಲಿ ಮುಖ್ಯವಾದವು.

ಗೆರೆ ಎಳೆಯುವುದು ಅಷ್ಟು ದೊಡ್ಡ ಅಪರಾಧವೇ ಎಂದು ಯಾರಿಗಾದರೂ ಅನಿಸಬಹುದು. 2023ರ ಆಗಸ್ಟ್‌ನಲ್ಲಿ ಷಿಕಾಗೋದಲ್ಲಿ ನಡೆದ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಮ್ಯಾನೇಜರ್ ಆರನ್ ಬೂನ್, ಉಚ್ಚಾಟನೆಯ ಬಳಿಕ ಹೋಮ್ ಪ್ಲೇಟಿನ ಬಳಿ ಬಂದು ಮಣ್ಣಿನಲ್ಲಿ ಗೆರೆ ಎಳೆದು, ಅಂಪೈರ್ ಲಾಜ್ ಡಯಾಜ್ ಅವರ ಸ್ಟ್ರೈಕ್ ಘೋಷಣೆಯ ಭಂಗಿಯನ್ನು ಅಣಕಿಸಿದ್ದರು. ಪ್ರೇಕ್ಷಕರಿಗೆ ಅದೊಂದು ಮೂಕಾಭಿನಯ. ಅಂಪೈರ್‌ಗೆ ಮಾತ್ರ ಅದು ಸಾವಿರಾರು ಜನರ ಎದುರು ತನ್ನ ಕಣ್ಣನ್ನೇ ಪ್ರಶ್ನಿಸಿದಂತೆ.

<b>ಭಾವನೆಯೋ, ಪ್ರದರ್ಶನವೋ?</b>

ಇಲ್ಲಿಯೇ ಪ್ರಶ್ನೆಯ ತಿರುಳಿದೆ. ಅಸಮಾಧಾನ ಎಂಬುದು ಮನುಷ್ಯ ಸಹಜ. ತನ್ನ ಹುಡುಗನ ವಿರುದ್ಧ ತೀರ್ಪು ಬಂದಾಗ ತರಬೇತುದಾರ ಕಣ್ಣು ಮುಚ್ಚಿಕೊಳ್ಳುತ್ತಾನೆ, ನಿಟ್ಟುಸಿರು ಬಿಡುತ್ತಾನೆ, ಬೆನ್ನು ತಿರುಗಿಸಿ ಡಗೌಟ್‌ನೊಳಗೆ ನಡೆಯುತ್ತಾನೆ. ಇವನ್ನೆಲ್ಲ ಶಿಕ್ಷಿಸಲು ಹೊರಟರೆ ಅಂಪೈರ್ ಆಟವನ್ನಲ್ಲ, ಮುಖಭಾವಗಳನ್ನು ನಿಯಂತ್ರಿಸಿದಂತಾಗುತ್ತದೆ. ಮೌನ ಎಂದಿಗೂ ಅಪರಾಧವಲ್ಲ. ಮೌನದ ಮೂಲಕ ನಡೆಸುವ ಪ್ರದರ್ಶನ ಅಪರಾಧವಾಗಬಹುದು. ಎರಡನ್ನೂ ಬೇರ್ಪಡಿಸಲು ಅಂಪೈರ್ ತನ್ನನ್ನು ತಾನು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು.

ಮೊದಲನೆಯದು, ಈ ಸನ್ನೆ ಯಾರಿಗಾಗಿ? ತರಬೇತುದಾರ ತನ್ನಷ್ಟಕ್ಕೆ ತಲೆಯಾಡಿಸಿದರೆ ಅದು ಆತನ ಸ್ವಂತ ಸಂಗತಿ. ಗ್ಯಾಲರಿಯತ್ತ ತಿರುಗಿ ಕೈ ಚಾಚಿದರೆ ಅದು ಜನರನ್ನು ಕೂಗಿ ಕರೆದಂತೆ. 1982ರಲ್ಲಿ ಕೆನಡಾದ ವ್ಯಾಂಕೂವರ್ ಕನಕ್ಸ್ ಐಸ್ ಹಾಕಿ ತಂಡದ ತರಬೇತುದಾರ ರೋಜರ್ ನೀಲ್ಸನ್, ರೆಫರಿಯ ತೀರ್ಪುಗಳಿಂದ ಬೇಸತ್ತು ಹಾಕಿ ಕೋಲಿನ ತುದಿಗೆ ಬಿಳಿ ಟವೆಲ್ ಸಿಕ್ಕಿಸಿ 'ಶರಣಾದೆವು' ಎಂಬಂತೆ ಎತ್ತಿ ಹಿಡಿದರು. ಒಂದು ಮಾತೂ ಆಡಲಿಲ್ಲ. ಆಟಗಾರರೂ ಅವರನ್ನು ಅನುಕರಿಸಿದರು. ನೀಲ್ಸನ್ ಅವರನ್ನು ಪಂದ್ಯದಿಂದ ಹೊರಹಾಕಲಾಯಿತು. ಮುಂದಿನ ಪಂದ್ಯಗಳಿಗೆ ಅಭಿಮಾನಿಗಳು ಬಿಳಿ ಟವೆಲ್‌ಗಳೊಂದಿಗೇ ಬಂದರು. ಮಾತಿಲ್ಲದ ಸನ್ನೆಯೊಂದು ಇಡೀ ಕ್ರೀಡಾಂಗಣವನ್ನು ತೀರ್ಪುಗಾರನ ವಿರುದ್ಧ ಎತ್ತಿಕಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಎರಡನೆಯದು, ಇದರಿಂದ ಆಟ ನಿಂತಿತೇ? ಡಗೌಟ್ ಒಳಗೆ ಹುಬ್ಬು ಗಂಟಿಕ್ಕಿ ಕುಳಿತವನಿಂದ ಆಟಕ್ಕೆ ತೊಂದರೆಯಿಲ್ಲ. ಆದರೆ ಮೈದಾನದೊಳಕ್ಕೆ ಬಂದು ಕೈಕಟ್ಟಿ ನಿಂತು ಕದಲದಿದ್ದರೆ, ಆ ಮೌನ ವಾದಕ್ಕೆ ಸಮಾನ.

ಮೂರನೆಯದು, ಎಚ್ಚರಿಕೆಯ ನಂತರವೂ ಮುಂದುವರಿಯಿತೇ? ಅಮೆರಿಕದ ಅಂಪೈರ್ ತರಬೇತಿ ಶಿಬಿರಗಳಲ್ಲಿ ನಾಲ್ಕು ಮೆಟ್ಟಿಲುಗಳನ್ನು ಬೋಧಿಸಲಾಗುತ್ತದೆ: ಮೊದಲು ಕಡೆಗಣಿಸು, ನಂತರ ಗಮನಕ್ಕೆ ಬಂದಿದೆಯೆಂದು ತಿಳಿಸು, ಆಮೇಲೆ ಎಚ್ಚರಿಸು, ಕೊನೆಯಲ್ಲಿ ಹೊರಹಾಕು. ಮಾತಿನ ನಿಂದನೆಗೆ ಕೆಲವೊಮ್ಮೆ ಈ ಮೆಟ್ಟಿಲುಗಳನ್ನು ಹಾರಬೇಕಾಗುತ್ತದೆ. ಮೌನ ಪ್ರತಿಭಟನೆಗೆ ಮಾತ್ರ ಅವುಗಳನ್ನು ಒಂದೊಂದಾಗಿ ಏರುವುದೇ ಸರಿಯಾದ ಕ್ರಮ. ಏಕೆಂದರೆ ಸನ್ನೆಗೆ ಹಲವು ಅರ್ಥಗಳಿರುತ್ತವೆ. 'ಸಾಕು, ಆಟ ಮುಂದುವರಿಸೋಣ' ಎಂದು ಅಂಪೈರ್ ಸ್ಪಷ್ಟವಾಗಿ ಹೇಳಿದ ಮೇಲೂ ಅದೇ ಸನ್ನೆ ಮರುಕಳಿಸಿದರೆ ಆಗ ಅದಕ್ಕೆ ಉಳಿಯುವುದು ಒಂದೇ ಅರ್ಥ.

ಮೂರೂ ಪ್ರಶ್ನೆಗಳಿಗೆ ಉತ್ತರ 'ಹೌದು' ಎಂದಾದರೆ ಅಂಪೈರ್ ಹಿಂಜರಿಯಬೇಕಾಗಿಲ್ಲ. ಅಣಕು ಮಾತ್ರ ಇದಕ್ಕೆ ಅಪವಾದ. ಗೆರೆ ಎಳೆಯುವುದು, ಕುರುಡನಂತೆ ನಟಿಸುವುದು ಮುಂತಾದವುಗಳಲ್ಲಿ ಉದ್ದೇಶ ಮೊದಲ ಕ್ಷಣದಲ್ಲೇ ಬಯಲಾಗುವುದರಿಂದ ಎರಡನೆಯ ಅವಕಾಶ ಕೊಡಬೇಕೆಂದೇನೂ ಇಲ್ಲ.

<b>ದುಡುಕಿದರೆ ಏನಾಗುತ್ತದೆ?</b>

ಅಂಪೈರ್‌ನ ಕೈಯಲ್ಲಿರುವ ಈ ಅಸ್ತ್ರ ತಪ್ಪು ಗುರಿಗೆ ತಗುಲುವುದೂ ಉಂಟು. 2024ರ ಏಪ್ರಿಲ್ 22ರಂದು ನ್ಯೂಯಾರ್ಕ್‌ನಲ್ಲಿ ಓಕ್ಲೆಂಡ್ ವಿರುದ್ಧದ ಪಂದ್ಯ ಆರಂಭವಾಗಿ ಐದು ಎಸೆತಗಳಾಗುವಷ್ಟರಲ್ಲಿ ಇದೇ ಆರನ್ ಬೂನ್ ಅವರನ್ನು ಅಂಪೈರ್ ಹಂಟರ್ ವೆಂಡಲ್‌ಸ್ಟೆಡ್ ಹೊರಹಾಕಿದರು. ತೀರ್ಪೊಂದರ ಬಗ್ಗೆ ಗೊಣಗಿದ ಬೂನ್‌ಗೆ ಅಂಪೈರ್ ಆಗಷ್ಟೇ ಎಚ್ಚರಿಕೆ ಕೊಟ್ಟಿದ್ದರು. ಆ ಬಳಿಕ ಅವರು ಸುಮ್ಮನೆ ನಿಂತಿದ್ದರು. ಡಗೌಟ್‌ನ ಹಿಂದೆ ಕುಳಿತಿದ್ದ ಪ್ರೇಕ್ಷಕನೊಬ್ಬ ಕೂಗಿದ್ದು, ಬೂನ್ ಬಾಯಿ ತೆರೆಯದಿದ್ದುದು ಟಿವಿ ದೃಶ್ಯಗಳಲ್ಲಿ ಕಾಣಿಸಿತು. ಧ್ವನಿ ಡಗೌಟ್‌ನ ಮತ್ತೊಂದು ತುದಿಯಿಂದ ಬಂದಿತ್ತು, ತಂಡಕ್ಕೆ ಮ್ಯಾನೇಜರ್ ಹೊಣೆಯಾದ್ದರಿಂದ ಹೊರಹಾಕಿದೆ ಎಂಬುದು ಅಂಪೈರ್ ನಂತರ ನೀಡಿದ ವಿವರಣೆ. ಕಾರಣ ಏನೇ ಇರಲಿ, ಮೌನವಾಗಿದ್ದವನು ಹೊರನಡೆದ. ಕೂಗಿದವನು ಆಟ ನೋಡುತ್ತ ಕುಳಿತ.

ಮಾತಿಗೆ ಧ್ವನಿಯ ಸಾಕ್ಷ್ಯವಿರುತ್ತದೆ. ಮೌನ ಪ್ರತಿಭಟನೆಗೆ ಅಂಪೈರ್‌ನ ಕಣ್ಣೇ ಸಾಕ್ಷಿ. ಹಾಗಾಗಿ ಕಣ್ಣಾರೆ ಕಾಣದ ಸನ್ನೆಗೆ ಉಚ್ಚಾಟನೆ ಸಲ್ಲದು. ಅದೇ ರೀತಿ, ಬೆನ್ನ ಹಿಂದೆ ಯಾರು ಏನು ಮಾಡುತ್ತಿದ್ದಾರೆಂದು ಪದೇ ಪದೇ ಡಗೌಟ್‌ನತ್ತ ಇಣುಕುವ ಅಂಪೈರ್, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ತನ್ನ ಅಳುಕನ್ನು ತಾನೇ ಸಾರುತ್ತಾನೆ. ತೀರ್ಪು ನೀಡಿ, ಪ್ಲೇಟಿನ ಧೂಳು ಒರೆಸಿ, ಮುಂದಿನ ಎಸೆತಕ್ಕೆ ಸಿದ್ಧನಾಗುವವನೇ ಜಾಣ.

ಅತಿಯಾದ ಸೂಕ್ಷ್ಮತೆ ನಗೆಪಾಟಲಿಗೂ ಈಡುಮಾಡುತ್ತದೆ. 1985ರಲ್ಲಿ ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿ ಮೈನರ್ ಲೀಗ್ ಪಂದ್ಯವೊಂದರ ವೇಳೆ ತೀರ್ಪು ಬಂದ ಕೂಡಲೇ ಕ್ರೀಡಾಂಗಣದ ಆರ್ಗನ್ ವಾದಕ ವಿಲ್ಬರ್ ಸ್ನ್ಯಾಪ್ 'ಮೂರು ಕುರುಡು ಇಲಿಗಳು' ಎಂಬ ಇಂಗ್ಲಿಷ್ ಶಿಶುಗೀತೆಯ ರಾಗ ನುಡಿಸಿದರು. ಪದಗಳಿಲ್ಲ, ಬರೀ ರಾಗ. ಅಂಪೈರ್ ವಾದಕರನ್ನೇ ಹೊರಹಾಕಿದರು. ಅಲ್ಲಿಯವರೆಗೆ ಊರಿನವರಿಗಷ್ಟೇ ಗೊತ್ತಿದ್ದ ಸ್ನ್ಯಾಪ್ ದೇಶಕ್ಕೇ ಪರಿಚಿತರಾದರು.

<b>ಶಾಲಾ ಮೈದಾನದ ಪಾಠ</b>

ಈ ಪ್ರಶ್ನೆ ನಿಜವಾಗಿ ತೀವ್ರವಾಗುವುದು ಕೋಟ್ಯಧೀಶ ಆಟಗಾರರ ಲೀಗ್‌ನಲ್ಲಲ್ಲ, ಮಕ್ಕಳ ಆಟದಲ್ಲಿ. ಅಲ್ಲಿ ಟಿವಿ ಮರುಪ್ರಸಾರವಿಲ್ಲ, ಭದ್ರತಾ ಸಿಬ್ಬಂದಿಯಿಲ್ಲ. ಅಂಪೈರ್ ಎಂದರೆ ಬಹುಪಾಲು ಅಲ್ಪ ಸಂಭಾವನೆಗೆ ದುಡಿಯುವ ಊರಿನವನೇ. ಕೆಲವೊಮ್ಮೆ ಹದಿಹರೆಯದ ಹುಡುಗ. ತರಬೇತುದಾರ ಕೈಚೆಲ್ಲಿದರೆ ಹಿಂದೆ ಕುಳಿತ ಪೋಷಕರು ಬಾಯಿ ತೆರೆಯುತ್ತಾರೆ. ಆತ ಆಡದೇ ಬಿಟ್ಟ ಮಾತನ್ನು ಇನ್ನೊಬ್ಬರು ಹತ್ತು ಪಟ್ಟು ಜೋರಾಗಿ ಆಡುತ್ತಾರೆ. 2018-19ರ ನಂತರದ ಕೆಲವೇ ವರ್ಷಗಳಲ್ಲಿ ವಿವಿಧ ಕ್ರೀಡೆಗಳ ಸುಮಾರು 50,000 ತೀರ್ಪುಗಾರರು ಪ್ರೌಢಶಾಲಾ ಪಂದ್ಯಗಳಿಂದ ದೂರ ಸರಿದರೆಂದು ಅಮೆರಿಕದ ಪ್ರೌಢಶಾಲಾ ಕ್ರೀಡಾ ಒಕ್ಕೂಟವೇ ಹೇಳಿದೆ. ಕೊರೊನಾ ಪಿಡುಗೂ ಇದಕ್ಕೊಂದು ಕಾರಣ. ಆದರೆ ಮೈದಾನದ ಅಸಭ್ಯ ವರ್ತನೆಯನ್ನೂ ಒಕ್ಕೂಟ ಮುಖ್ಯ ಕಾರಣವಾಗಿ ಗುರುತಿಸಿದೆ.

ಪ್ರೌಢಶಾಲಾ ನಿಯಮದಲ್ಲಿ ಒಂದು ಮಧ್ಯಮ ಮಾರ್ಗವೂ ಇದೆ. ತರಬೇತುದಾರನನ್ನು ನೇರವಾಗಿ ಹೊರಹಾಕುವ ಬದಲು, ಪಂದ್ಯ ಮುಗಿಯುವವರೆಗೆ ಡಗೌಟ್‌ನಲ್ಲೇ ಕುಳಿತಿರಬೇಕೆಂದು ಅಂಪೈರ್ ಆದೇಶಿಸಬಹುದು. ಮಕ್ಕಳಿಗೆ ಗುರು ಉಳಿಯುತ್ತಾನೆ, ಪ್ರದರ್ಶನಕ್ಕೆ ವೇದಿಕೆ ಉಳಿಯುವುದಿಲ್ಲ. ಮೌನ ಪ್ರತಿಭಟನೆಗೆ ಇದಕ್ಕಿಂತ ಸೂಕ್ತವಾದ ಮದ್ದು ಇನ್ನೊಂದಿಲ್ಲ.

<b>ಕ್ರಿಕೆಟ್‌ನ ದಾರಿ ಬೇರೆ</b>

ನಮಗೆ ಪರಿಚಿತವಾದ ಕ್ರಿಕೆಟ್ ಕೂಡ ಮೌನ ಅಸಮ್ಮತಿಯನ್ನು ಅಪರಾಧವೆಂದೇ ಪರಿಗಣಿಸುತ್ತದೆ. ಐಸಿಸಿ ನೀತಿಸಂಹಿತೆಯ 2.8ನೇ ವಿಧಿಯಡಿ ತಲೆಯಾಡಿಸುವುದು, ಔಟಾದ ಬಳಿಕ ಕ್ರೀಸ್ ಬಿಡಲು ತಡಮಾಡುವುದು, ಎಲ್‌ಬಿಡಬ್ಲ್ಯು ತೀರ್ಪಿನ ನಂತರ ಬ್ಯಾಟಿನ ಅಂಚನ್ನು ತೋರಿಸುವುದು ಇವೆಲ್ಲವೂ ಸೇರುತ್ತವೆ. ಆದರೆ ಶಿಕ್ಷೆ ನಿರ್ಧಾರವಾಗುವುದು ಆಟದ ಬಿಸಿ ಆರಿದ ಮೇಲೆ, ಮ್ಯಾಚ್ ರೆಫರಿಯ ಮುಂದೆ. ದಂಡ ಮತ್ತು ಡಿಮೆರಿಟ್ ಅಂಕಗಳಲ್ಲಿ ವಿಷಯ ಮುಗಿಯುತ್ತದೆ. ಮೈಸೂರಿನ ಜಾವಗಲ್ ಶ್ರೀನಾಥ್ 2006ರಲ್ಲಿ ವಹಿಸಿಕೊಂಡದ್ದು ಇದೇ ಹೊಣೆಯನ್ನು.

ಬೇಸ್‌ಬಾಲ್ ಅಂಪೈರ್‌ಗೆ ಈ ವಿರಾಮವಿಲ್ಲ. ದೂರು ಕೊಡುವವನೂ ಅವನೇ, ಸಾಕ್ಷಿಯೂ ಅವನೇ, ತೀರ್ಪುಗಾರನೂ ಅವನೇ. ಅಪಮಾನಕ್ಕೆ ಒಳಗಾದವನೇ ಶಿಕ್ಷೆ ವಿಧಿಸುವ ವ್ಯವಸ್ಥೆಯಲ್ಲಿ ಸಂಯಮದ ಹೊಣೆ ಇಮ್ಮಡಿಯಾಗಬೇಕು.

<b>ಟೋಪಿ ತಟ್ಟುವ ಕಾಲ</b>

ಕಾಲವೂ ಬದಲಾಗುತ್ತಿದೆ. ಕ್ಯಾಮೆರಾಗಳ ನೆರವಿನಿಂದ ಬಾಲ್-ಸ್ಟ್ರೈಕ್ ತೀರ್ಪನ್ನು ಪ್ರಶ್ನಿಸುವ ವ್ಯವಸ್ಥೆಗೆ ಮೇಜರ್ ಲೀಗ್ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ನೀಡಿ, 2026ರ ಋತುವಿನಿಂದ ಜಾರಿಗೊಳಿಸಲು ನಿರ್ಧರಿಸಿತು. ಪ್ರತಿ ತಂಡಕ್ಕೆ ಎರಡು ಅವಕಾಶ. ಪ್ರಶ್ನೆ ಸರಿಯಾದರೆ ಅವಕಾಶ ಕಳೆಯುವುದಿಲ್ಲ. ಪ್ರಶ್ನಿಸುವ ವಿಧಾನವೂ ಸ್ವಾರಸ್ಯಕರ: ಬ್ಯಾಟ್ಸ್‌ಮನ್, ಪಿಚರ್ ಅಥವಾ ಕ್ಯಾಚರ್ ತನ್ನ ಟೋಪಿಯನ್ನೋ ಹೆಲ್ಮೆಟನ್ನೋ ತಟ್ಟಿದರೆ ಸಾಕು, ಮಾತು ಬೇಕಿಲ್ಲ. ಅಂದರೆ ಮೌನ ಅಸಮ್ಮತಿಗೆ ನಿಯಮವೇ ಒಂದು ಸಭ್ಯ ಬಾಗಿಲನ್ನು ತೆರೆದಿದೆ. ಆದರೆ ಡಗೌಟ್‌ನಲ್ಲಿರುವ ಮ್ಯಾನೇಜರ್ ಮತ್ತು ತರಬೇತುದಾರರಿಗೆ ಆ ಬಾಗಿಲು ಮುಚ್ಚಿದೆ. ಯಂತ್ರಗಳಿಲ್ಲದ ಸಾವಿರಾರು ಶಾಲಾ ಮೈದಾನಗಳಲ್ಲಿಯೂ ಅಂಪೈರ್‌ನ ಕಣ್ಣೇ ಪ್ರಮಾಣ.

ಅಲ್ಲಿ ಅಂಪೈರ್ ನೆನಪಿಡಬೇಕಾದುದು ಇಷ್ಟೇ: ತರಬೇತುದಾರನ ಮನಸ್ಸಿನಲ್ಲಿ ಏನಿದೆ ಎಂಬುದು ತನಗೆ ಸೇರಿದ್ದಲ್ಲ, ಆತ ಮೈದಾನದಲ್ಲಿ ಏನು ಮಾಡುತ್ತಾನೆ ಎಂಬುದಷ್ಟೇ ಸೇರಿದ್ದು. ತರಬೇತುದಾರನೂ ಒಂದನ್ನು ಮರೆಯಬಾರದು. ಆತನ ಬೆನ್ನ ಹಿಂದಿನ ಬೆಂಚಿನಲ್ಲಿ ಕುಳಿತ ಮಕ್ಕಳು ಅಂಪೈರನ್ನು ನೋಡುತ್ತಿರುವುದಿಲ್ಲ. ತಮ್ಮ ವಿರುದ್ಧ ಬಂದ ತೀರ್ಪನ್ನು ದೊಡ್ಡವರು ಹೇಗೆ ಸ್ವೀಕರಿಸುತ್ತಾರೆಂದು ಆತನನ್ನೇ ನೋಡುತ್ತಿರುತ್ತಾರೆ.